ಸೇವೆ ಮಾಡುವ ಕೈಗಳ ತೊಗಲು ಯಾರ ಹೊಣೆ?

ನಮ್ಮ ಭಾಗದ ವೃದ್ಧಾಶ್ರಮವೊಂದರ ಲೆಕ್ಕಪತ್ರದ ಸಭೆಯಲ್ಲಿ, ಆಯಾಗಳ ಕೈಗೆ ಹಚ್ಚಿಕೊಳ್ಳಲು ಲೋಷನ್ ತರಿಸಿಕೊಡಿ ಎಂದು ಕೇಳಿದೆ. "ಅದು ಶೃಂಗಾರದ ಸಾಮಾನರೀ ಅಕ್ಕಾರ, ದವಾಖಾನಿ ಖರ್ಚಿಗೆ ಬರೂದಿಲ್ಲ" ಎಂದು ಹಿರಿಯ ಸದಸ್ಯರೊಬ್ಬರು ನಕ್ಕರು. ಉಳಿದವರೂ ನಕ್ಕರು. 26 ವರ್ಷ ನರ್ಸ್ ಆಗಿ ದುಡಿದ ನನಗೆ ನಗು ಬರಲಿಲ್ಲ.

ಶರಣ ಬಂಧುಗಳೇ, ಆ ಹೆಣ್ಣುಮಕ್ಕಳ ಕೈಗಳನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಹಾಸಿಗೆ ಹಿಡಿದ ಅಜ್ಜನ ಮಲಮೂತ್ರ ಬಳಿದು ಕೈ ತೊಳೆಯಬೇಕು, ಪಕ್ಕದ ಅಜ್ಜಿಗೆ ಉಣಿಸುವ ಮೊದಲು ತೊಳೆಯಬೇಕು, ಉಣಿಸಿದ ಮೇಲೆ ಮತ್ತೆ ತೊಳೆಯಬೇಕು. ಒಂದು ಪಾಳಿಯಲ್ಲಿ ಹತ್ತಾರು ಸಲ. ಚಳಿಗಾಲ ಬಂತೆಂದರೆ ಬೆರಳ ಸಂದುಗಳು ಸೀಳಿ ರಕ್ತ ಜಿನುಗುತ್ತದೆ. ಮನೆಗೆ ಹೋಗಿ ಹಸಿಮೆಣಸಿನಕಾಯಿ ಮುಟ್ಟಿದರೆ ಕಣ್ಣಲ್ಲಿ ನೀರು.

ಸಾಬೂನು ಕೊಳೆಯ ಜೊತೆಗೆ ತೊಗಲಿನ ಜಿಡ್ಡನ್ನೂ ತೆಗೆಯುತ್ತದೆ. ಜಿಡ್ಡು ಹೋದರೆ ತೊಗಲು ಒಣಗಿ ಒಡೆಯುತ್ತದೆ. ಒಡೆದ ತೊಗಲಿನಲ್ಲಿ ಸ್ಟೆಫೈಲೋಕಾಕಸ್‌ನಂಥ ರೋಗಾಣುಗಳು ಬೀಡುಬಿಡುತ್ತವೆ; ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಉರಿಗೆ ಹೆದರಿ ಆಕೆ ತೊಳೆಯುವುದನ್ನೇ ಕಡಿಮೆ ಮಾಡುತ್ತಾಳೆ. ಆಗ ಸೋಂಕು ತಗಲುವುದು ಯಾರಿಗೆ? ಬೆನ್ನಹುಣ್ಣಾಗಿ ಮಲಗಿದ ಅದೇ ಅಜ್ಜನಿಗೆ. ಲೋಷನ್ನಿನ ಹಣ ಉಳಿಸಿ ಔಷಧದ ಅಂಗಡಿಗೆ ಸುರಿಯುವುದು ಯಾವ ಉಳಿತಾಯ?

ಇದು ನನ್ನ ತಲೆಯಿಂದ ಹುಟ್ಟಿದ ಮಾತಲ್ಲ. ಆರೈಕೆ ಮಾಡುವವರಿಗೆ ಕೈಗೆ ಹಚ್ಚುವ ಲೋಷನ್ ಒದಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೇ ಹೇಳುತ್ತದೆ. ಕೈಗೆ ಕೊಳೆ ಕಾಣದಿದ್ದಾಗ ಆಲ್ಕೊಹಾಲ್ ದ್ರಾವಣವನ್ನು 20–30 ಸೆಕೆಂಡು ಉಜ್ಜಿದರೆ ಸಾಕು. ಮಲ, ರಕ್ತ ತಾಗಿದ್ದರೆ ಸಾಬೂನು, ನೀರು ಬೇಕೇ ಬೇಕು. ಗ್ಲಿಸರಿನ್ ಬೆರೆಸಿದ ದ್ರಾವಣ ಪದೇ ಪದೇ ಹಾಕುವ ಸಾಬೂನಿಗಿಂತ ತೊಗಲಿಗೆ ಮೃದು. "ಅದು ಉರೀತದ" ಎನ್ನುವವರ ತೊಗಲು ಅದಾಗಲೇ ಒಡೆದಿರುತ್ತದೆ.

ನಮ್ಮಲ್ಲಿ ನಡೆಯುವುದೇ ಬೇರೆ. ಬಟ್ಟೆ ಒಗೆಯುವ ಸಾಬೂನಿನ ತುಂಡು, ಸುಡುವ ನೀರು, ಅದರ ಮೇಲೆ ಒಂದು ಸಲ ಸ್ಪಿರಿಟ್, ಕೈ ಆರುವ ಮೊದಲೇ ಕೈಗವಸು. ಹೀಗೆ ಮಾಡಿಸುವವರು ಅದನ್ನು ಶಿಸ್ತು ಎಂದು ತಿಳಿದಿದ್ದಾರೆ. ಅದು ತೊಗಲು ಸುಲಿಯುವ ಕೆಲಸ.

ವೇದಿಕೆಯ ಮೇಲೆ ಕಾಯಕದ ಹಿರಿಮೆಯನ್ನು ಗಂಟೆಗಟ್ಟಲೆ ಕೊಂಡಾಡುತ್ತೇವೆ. ದಾಸೋಹಕ್ಕೆ ಭಕ್ತರು ತುಪ್ಪದ ಡಬ್ಬಿಗಳನ್ನು ಹೊತ್ತು ತರುತ್ತಾರೆ, ತರಲಿ. ಆದರೆ ನಮ್ಮ ತಂದೆತಾಯಂದಿರ ಮೈ ತೊಳೆಯುವವಳ ಕೈಗೆ ಒಂದು ಬಾಟಲಿ ಲೋಷನ್ ಕೇಳಿದರೆ ಶೃಂಗಾರವಾಗಿಬಿಡುತ್ತದೆ! ಆ ಕೆಲಸ ಯಾವ ಮನೆಗಳ ಹೆಣ್ಣುಮಕ್ಕಳು ಮಾಡುತ್ತಾರೆಂಬುದು ನಮಗೆಲ್ಲ ಗೊತ್ತು. ನಗು ಬಂದದ್ದು ಅಲ್ಲಿಂದಲೇ ಎಂಬ ಸಂಶಯ ನನಗೆ.

ನಾನು ಕೇಳುತ್ತಿರುವುದು ಇಷ್ಟೇ: ಪ್ರತಿ ತೊಟ್ಟಿಯ ಪಕ್ಕ ಸುವಾಸನೆ ಬೆರೆಸದ ಲೋಷನ್, ಕೈ ಒರೆಸಲು ಒಣ ಬಟ್ಟೆ, ಪ್ರತಿ ಕೋಣೆಯಲ್ಲಿ ಕೈಗೆಟಕುವಂತೆ ಆಲ್ಕೊಹಾಲ್ ದ್ರಾವಣ, ಕೈ ಒಡೆದವಳಿಗೆ ಪಗಾರ ಕಡಿಯದೆ ಬೇರೆ ಕೆಲಸ. ಮುಂದಿನ ಸಭೆಗೆ ಆಯಾಗಳನ್ನೂ ಕರೆದುಕೊಂಡು ಹೋಗುತ್ತೇನೆ. ನಕ್ಕವರು ಮೊದಲು ಅವರ ಅಂಗೈ ನೋಡಲಿ.