ಮೊದಲ ಬತ್ತಿ ಯಾರದ್ದು?

ಮಿತ್ರರೇ, ಅಭಿಮಾನಿ ಸಂಘದ ಸಭೆ ಹ್ಯಾಗೆ ಶುರುವಾಗ್ತದೆ ಅಂತ ನಿಮಗೆ ಹೇಳಿಕೊಡಬೇಕೆ? ನಾಡಗೀತೆ, ಸ್ವಾಗತ, ಹಾರ, ಆಮೇಲೆ ದೀಪ. "ಲೇ, ಫ್ಯಾನ್ ಆರಿಸ್ರೋ!" ಅಂತ ಒಬ್ಬ ಕೂಗೋದೂ ಶಾಸ್ತ್ರವೇ ಅನ್ನಿ. ನಾಡಗೀತೆಗೆ 2 ನಿಮಿಷ 30 ಸೆಕೆಂಡು ಅಂತ ಸರ್ಕಾರ 2022ರಲ್ಲಿ ಗೊತ್ತು ಮಾಡಿತು. ಸ್ವಾಗತ ಭಾಷಣಕ್ಕೆ ಗಡಿಯಾರ ಕಟ್ಟೋರು ಯಾರಪ್ಪ?

ಹಿಂದೊಮ್ಮೆ ಮೊದಲ ಬತ್ತಿ ಹಚ್ಚೋರು ಯಾರು ಅಂತಲೇ ನಮ್ಮ ಸಂಘ ಎರಡು ಹೋಳಾಗೋದರಲ್ಲಿತ್ತು. ಅಧ್ಯಕ್ಷರು ಒಂದು ಕಡೆ, ಶಾಮಿಯಾನಕ್ಕೆ ದುಡ್ಡು ಕೊಟ್ಟ ಸಾಹುಕಾರರು ಇನ್ನೊಂದು ಕಡೆ. ರಕ್ತ ಕೊಡಲು ಬಂದ ಹುಡುಗರು ಬಿಸಿಲಲ್ಲಿ ನಿಂತೇ ಇದ್ದರು.

ಆಗ ನನಗೆ ಡಾ. ರಾಜ್ ನೆನಪಾದರು. 2006ರಲ್ಲಿ ನಮ್ಮನ್ನಗಲಿದ ಆ ಮನುಷ್ಯ ವೇದಿಕೆ ಹತ್ತಿದರೆ, ಕೈ ಮುಗಿದು ಕರೀತಿದ್ದದ್ದೇ 'ಅಭಿಮಾನಿ ದೇವರುಗಳೇ' ಅಂತ. ಖರ್ಚಿಲ್ಲದ ಶಾಸ್ತ್ರ! ಅಷ್ಟಕ್ಕೇ ಗಾಂಧಿಕ್ಲಾಸಿನವನೂ ಬಾಲ್ಕನಿಯವನೂ ಒಂದಾಗಿಬಿಡ್ತಿದ್ದರು.

ಮೇಣದ ಬತ್ತಿ ಕಸಿದು, ಪೋಸ್ಟರ್ ಅಂಟಿಸೋ ಅಜ್ಜನ ಕೈಗೆ ಕೊಟ್ಟೆ. ಉಗುರಲ್ಲಿನ್ನೂ ಮೈದಾ ಗೋಂದು. ಕೈ ನಡುಗಿತು, ಬತ್ತಿ ಹತ್ತಿತು. ಬಿದ್ದ ಶಿಳ್ಳೆ ಮೊದಲ ದಿನದ ಮೊದಲ ಆಟಕ್ಕೂ ಬಿದ್ದಿರಲಿಲ್ಲ!

ಅಜ್ಜ ಇಳಿದು ಹೋಗಿ ಹಿಂದಿನ ಬೆಂಚಲ್ಲಿ ಕೂತ. ಸಾಹುಕಾರರು ಊಟಕ್ಕೂ ನಿಲ್ಲದೆ ಹೊರಟರು. ಶಾಮಿಯಾನದ ಬಾಕಿಗೆ ನಾವು ಮೂರು ತಿಂಗಳು ಚಂದಾ ಎತ್ತಿದೆವು.