ಸಾವಿನ ಮನೆಗೆ ಪಕ್ಷದ ದಾರಿ ಬೇಡ



ಚುನಾವಣೆ ಹತ್ತಿರ ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ಪೇಟೆಗಳಲ್ಲಿ ಸತ್ತವರು ಮತ್ತೆ ಫ್ಲೆಕ್ಸ್ ಏರುತ್ತಾರೆ. ಸತ್ತವನ ಮುಖಕ್ಕಿಂತ, ಕೆಳಗೆ ಕೈಮುಗಿದು ನಿಂತ ಮುಖಂಡರ ಮುಖವೇ ದೊಡ್ಡದು.

2022ರ ಜುಲೈಯನ್ನು ಬೆಳ್ಳಾರೆ ಮರೆತಿಲ್ಲ. ಕಳಂಜದಲ್ಲಿ ಹಲ್ಲೆಗೊಳಗಾದ ಮಸೂದ್ 21ರಂದು ತೀರಿಕೊಂಡ. 26ರ ರಾತ್ರಿ ಪ್ರವೀಣ್ ನೆಟ್ಟಾರು ಅವರನ್ನು ಅವರದೇ ಕೋಳಿ ಅಂಗಡಿಯ ಬಳಿ ಕಡಿದು ಕೊಂದರು. 28ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನೆಟ್ಟಾರಿನಲ್ಲಿ ಪ್ರವೀಣರ ಮನೆಗೆ ಬಂದು 25 ಲಕ್ಷ ರೂಪಾಯಿ ಪರಿಹಾರ ಕೊಟ್ಟರು. ಕೊಡಬೇಕಾದ್ದೇ. ಆದರೆ ಮಸೂದನ ಮನೆಯತ್ತ ಅವರ ಕಾರು ತಿರುಗಲಿಲ್ಲ. ಅದೇ ರಾತ್ರಿ ಸುರತ್ಕಲ್‌ನಲ್ಲಿ ಫಾಝಿಲ್ ಕೊಲೆಯಾಯಿತು. ಮಸೂದ್, ಫಾಝಿಲ್ ಇಬ್ಬರ ಮನೆಗಳಿಗೂ ಅಷ್ಟೇ ಮೊತ್ತ ತಲುಪಿದ್ದು ಸರಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ. ಆ ಬದಲಾವಣೆಯಲ್ಲೇ ಪ್ರವೀಣರ ಪತ್ನಿಗೆ ಸಿಕ್ಕಿದ್ದ ತಾತ್ಕಾಲಿಕ ಕೆಲಸ ಹೋಯಿತು. ಗದ್ದಲವೆದ್ದ ಮೇಲೆ ಮರಳಿ ಕೊಡುತ್ತೇವೆಂದು ಹೊಸ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಬೇಕಾಯಿತು. ಸರಕಾರ ಯಾರದೇ ಇರಲಿ, ಯಾವುದೋ ಒಂದು ಅಂಗಳ ಅದರ ಕಣ್ಣಿಗೆ ಬೀಳುವುದಿಲ್ಲ.

2023ರ ಫೆಬ್ರವರಿ 20ರಂದು ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ, ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೊರಟಿದ್ದ ಯುವತಿಯ ಮೇಲೆ ಕಾಡಾನೆ ನುಗ್ಗಿತು. ಕೂಗು ಕೇಳಿ ಓಡಿಬಂದ ಊರವರೊಬ್ಬರೂ ಬದುಕಲಿಲ್ಲ. ಎರಡೂ ಮನೆಗಳಿಗೆ ತಲಾ 15 ಲಕ್ಷ ಘೋಷಣೆಯಾಯಿತು. ಕಾಡಾನೆಗೆ ಬಲಿಯಾದವರಿಗೆ ಇಷ್ಟೆಂದು ಸರಕಾರದ ಲೆಕ್ಕವಿದೆ, ಜಾತಿ-ಪಕ್ಷ ಕೇಳಬೇಕಿಲ್ಲ. ಮನುಷ್ಯರೇ ಕೊಂದರೆ ಮಾತ್ರ ಅಂಗಳಕ್ಕೆ ಯಾರು ಬಂದರು ಎಂಬುದರ ಮೇಲೆ ಲೆಕ್ಕ!

ಹಾಗೆಂದು ಕಾನೂನು ಇಲ್ಲವೆ? ಅಪರಾಧದಿಂದ ನೊಂದವರಿಗೆ ಪರಿಹಾರ ಕೊಡುವ ಯೋಜನೆ ರಾಜ್ಯದಲ್ಲಿ 2011ರಿಂದಲೂ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಮ್ಮೂರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಿಚಾರಿಸಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಯಾವ ಮುಖಂಡರು ಯಾವ ದಿನ ಯಾವ ಮನೆಗೆ ಬಂದರೆಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ.

ಪಕ್ಷ ನೋಡದೆ ಸಾವಿನ ಮನೆಗೆ ಬರುವವರನ್ನೂ ನಾನು ಕಂಡಿದ್ದೇನೆ. ನನ್ನ ತಮ್ಮ ತೀರಿಕೊಂಡದ್ದು ಜಡಿಮಳೆಯ ಒಂದು ರಾತ್ರಿ. ಟಾರ್ಚ್ ಹಿಡಿದು ಮೊದಲು ಬಂದವರು ಗುಡ್ಡದಾಚೆಯ ಬ್ಯಾರಿ ಹಿರಿಯರು. ತಮ್ಮನ ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ದು ಮಲಗಿಸಿದರು. ಬೆಳಿಗ್ಗೆ ಮಾವಿನ ಮರ ಕೊಯ್ಯಲು ಮಿಷನ್ ಹೊತ್ತು ತಂದವನು, ಪಂಚಾಯತ್ ಚುನಾವಣೆಯ ಜಗಳದಲ್ಲಿ ನನ್ನೊಡನೆ ಮೂರು ವರ್ಷ ಮಾತು ಬಿಟ್ಟಿದ್ದವನು. ಅಂದೂ ಮಾತಾಡಲಿಲ್ಲ. ಮರ ಕೊಯ್ದ, ಕಟ್ಟಿಗೆ ಒಟ್ಟಿದ, ಬೊಜ್ಜದ (ಉತ್ತರಕ್ರಿಯೆಯ) ದಿನ ಸಾರಿನ ಬಾಲ್ದಿ ಹಿಡಿದು ಬಡಿಸಿದ. ಆಮೇಲೂ ವಾರಗಟ್ಟಲೆ ಮಾತಿಲ್ಲ. ಆದರೆ ಆ ದಿನಗಳಲ್ಲಿ ನನಗೆ ಅಷ್ಟು ಸಮಾಧಾನ ತಂದದ್ದು ಬೇರೆ ಇಲ್ಲ.

ಇಂಥದ್ದನ್ನು ಸರಕಾರ ಮಾಡಲಾರದು, ನಾನೂ ಕೇಳುವುದಿಲ್ಲ. ಕೇಳುವುದು ಇಷ್ಟೇ. ಕೊಲೆಯಾದವರ ಮನೆಗೆ ಸಲ್ಲುವ ಮೊತ್ತ, ಅದು ಸಲ್ಲಬೇಕಾದ ಗಡುವು ಎರಡೂ ಎಲ್ಲರಿಗೂ ಒಂದೇ ಇರಲಿ. ಅರ್ಜಿಯ ವಿವರ ಪ್ರತಿ ಗ್ರಾಮ ಪಂಚಾಯತಿನ ಗೋಡೆಯಲ್ಲಿರಲಿ. ಸಚಿವರು, ಶಾಸಕರು ಸಾವಿನ ಮನೆಗೆ ಬರುವುದಿದ್ದರೆ ಕ್ಯಾಮರಾದವರನ್ನು ಗೇಟಿನಾಚೆ ನಿಲ್ಲಿಸಿ ಬರಲಿ. ಚೆಕ್ಕು ಅಂಚೆಯಲ್ಲಿ ಬಂದರೂ ಸಾಕು.

– ನಿವೃತ್ತ ಶಿಕ್ಷಕ, ಕಡಬ ತಾಲೂಕು