ನದಿಗೆ ಬಿಟ್ಟುಕೊಟ್ಟ ಜಾಗ

ಅಣೆಕಟ್ಟುಗಳ ಪರ ವಾದಿಸುವವರ ಬತ್ತಳಿಕೆಯಲ್ಲಿ ಎಲ್ಲಕ್ಕಿಂತ ಹರಿತವಾದ ಬಾಣ ಯಾವುದು? ವಿದ್ಯುತ್ತಲ್ಲ, ನೀರಾವರಿಯೂ ಅಲ್ಲ. ನೆರೆಯಲ್ಲಿ ಸತ್ತವರ ಹೆಸರು. ಆ ಬಾಣದೆದುರು ಹೋರಾಟಗಾರರು ತಡವರಿಸುವುದೇ ಹೆಚ್ಚು. ಫ್ರಾನ್ಸಿನ ಲ್ವಾರ್ ನದಿಯ ದಡದಲ್ಲಿರುವ ಬ್ರೀವ್-ಶರಾನ್ಸಾಕ್ ಎಂಬ ಚಿಕ್ಕ ಊರಿನ ಕಥೆಯನ್ನು ಈ ಕಾರಣಕ್ಕಾಗಿ ಗಮನವಿಟ್ಟು ಓದಬೇಕಾಗಿದೆ.

ಓತ್-ಲ್ವಾರ್ ಜಿಲ್ಲೆಯ ಮುಖ್ಯ ಪಟ್ಟಣವಾದ ಲ ಪ್ವಿಗೆ ಅಂಟಿಕೊಂಡಂತೆ, ಅದರ ಪೂರ್ವಕ್ಕೆ ಈ ಊರಿದೆ. ಜನಸಂಖ್ಯೆ ಸುಮಾರು ನಾಲ್ಕು ಸಾವಿರ. ಆರಿಹೋದ ಜ್ವಾಲಾಮುಖಿಗಳ ನಡುವಿನ ಬೋಗುಣಿಯಂಥ ತಗ್ಗು ಪ್ರದೇಶ ಅದು. ಹೆಸರಿನಲ್ಲಿರುವ ‘ಬ್ರೀವ್’ ಪ್ರಾಚೀನ ಗಾಲ್ ಜನರ ಮಾತಿನಲ್ಲಿ ಸೇತುವೆಗಿದ್ದ ಪದದಿಂದ ಬಂದದ್ದು. ನದಿಯನ್ನು ದಾಟುವ ಕಡವಾಗಿಯೇ ಊರು ಹುಟ್ಟಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಳೆಯ ಕಲ್ಲುಸೇತುವೆಯ ಕೆಲವು ಕಮಾನುಗಳು ಮಾತ್ರ ಈಗ ಉಳಿದಿವೆ.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ. ಸಾವಿರ ಕಿಲೋಮೀಟರಿಗೂ ಮಿಕ್ಕಿ ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಈ ನದಿಯ ಮೂಲವಿರುವುದು ಮಾತ್ರ ಮೆಡಿಟರೇನಿಯನ್ ಸಮುದ್ರದ ಕಡೆಗಿರುವ ಬೆಟ್ಟಸಾಲಿನಲ್ಲಿ, ಝೆರ್ಬಿಯೆ ದ ಝೋಂ ಎಂಬ ಶಿಖರದ ಬುಡದಲ್ಲಿ. ಊರಿನ ಸಂಕಟವೆಲ್ಲ ಇರುವುದು ಈ ವೈಚಿತ್ರ್ಯದಲ್ಲಿಯೇ. ಶರತ್ಕಾಲದಲ್ಲಿ ಮೆಡಿಟರೇನಿಯನ್ನಿನ ಬೆಚ್ಚಗಿನ ತೇವಗಾಳಿ ಸೆವೆನ್ ಬೆಟ್ಟಗಳಿಗೆ ಬಡಿದು ಮೇಲೇರಿ, ಒಂದೇ ಕಡೆ ನಿಂತು ಸುರಿಯುತ್ತದೆ. ಮಳೆ ಬೀಳುವುದು ನೆತ್ತಿಯಲ್ಲಿ, ನೀರು ಇಳಿಯುವುದು ಕಡಿದಾದ ಕಣಿವೆಯಲ್ಲಿ. ಬೇಸಿಗೆಯಲ್ಲಿ ಮೊಣಕಾಲುದ್ದ ಹರಿಯುವ ಹೊಳೆ ಕೆಲವೇ ಗಂಟೆಗಳಲ್ಲಿ ಗುರುತು ಸಿಗದಂತೆ ಬದಲಾಗುತ್ತದೆ. ಬೆಟ್ಟದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರ ಸೆಪ್ಟೆಂಬರ್ 21, ಭಾನುವಾರ ಆದದ್ದು ಅದೇ. ಮೇಲಿನ ಜಲಾನಯನದ ಕೆಲವೆಡೆ ಒಂದು ದಿನದಲ್ಲಿ 600 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬ್ರೀವ್-ಶರಾನ್ಸಾಕಿನಲ್ಲಿ ನದಿಯ ಹರಿವು ಸೆಕೆಂಡಿಗೆ ಸುಮಾರು 2000 ಘನ ಮೀಟರ್ ಮುಟ್ಟಿತೆಂದು ಅಂದಾಜು. ಮೇಲ್ಕಣಿವೆಯಲ್ಲಿ 8 ಜನ ಪ್ರಾಣ ಕಳೆದುಕೊಂಡರು. ಬೀದಿಗಳು, ಕಾರ್ಖಾನೆಗಳು, ಮನೆಗಳು ಕೆಸರಿನಲ್ಲಿ ಹೂತವು.

ಆದರೆ ಆ ಕಾರ್ಖಾನೆಗಳು ಅಲ್ಲಿ ನಿಂತದ್ದಾದರೂ ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿಯೇ 1846 ಮತ್ತು 1866ರ ಮಹಾಪೂರಗಳು ನದಿಯ ನಿಜವಾದ ಅಗಲವೆಷ್ಟೆಂದು ತೋರಿಸಿಕೊಟ್ಟಿದ್ದವು. ಅದನ್ನು ಕಂಡವರು ಬದುಕಿರುವವರೆಗೆ ನೆನಪು ಉಳಿಯಿತು. ಇಪ್ಪತ್ತನೆಯ ಶತಮಾನದ ಕಟ್ಟಡಗಳು ಮಾತ್ರ ನದಿಯ ಅಂಗಳಕ್ಕೇ ಇಳಿದವು. ಇಕ್ಕೆಲದಲ್ಲಿ ಒತ್ತುವರಿಯಾಗಿ ಇರುಕಾದ ಪಾತ್ರದಲ್ಲಿ ನೆರೆ ಮತ್ತಷ್ಟು ಮೇಲೇರಿತು. ದೋಷ ಮಾತ್ರ ನದಿಯ ತಲೆಗೆ ಬಂತು.

ಲ್ವಾರ್ ಕಣಿವೆಯ ಅಭಿವೃದ್ಧಿಗೆಂದೇ ರಚನೆಯಾಗಿದ್ದ ಸಂಸ್ಥೆಯೊಂದು ಆಗ ಮುಂದೆ ಬಂತು. ಅದರ ಅಧ್ಯಕ್ಷ ತೂರ್ ನಗರದ ಮೇಯರ್ ಝಾಂ ರ್ವಾಯೆ. 1986ರಲ್ಲಿ ಸರಕಾರದೊಂದಿಗೆ ಆದ ಒಪ್ಪಂದದಂತೆ ಲ್ವಾರ್ ಮತ್ತು ಅದರ ಉಪನದಿಗಳ ಮೇಲೆ ದೊಡ್ಡ ಅಣೆಕಟ್ಟುಗಳು ಏಳಬೇಕಿತ್ತು. ಅವುಗಳಲ್ಲೊಂದು ಲ ಪ್ವಿಯಿಂದ ಮೇಲಕ್ಕೆ, ಸೇರ್ ದ ಲಾ ಫಾರ್ ಎಂಬಲ್ಲಿ. ಸುಮಾರು 14 ಕಿಲೋಮೀಟರ್ ಉದ್ದದ ಕಣಿವೆ ಮುಳುಗಡೆಯಾಗುತ್ತಿತ್ತು. ಬ್ರೀವ್-ಶರಾನ್ಸಾಕಿನ ರಕ್ಷಣೆಗಾಗಿಯೇ ಈ ಯೋಜನೆ ಎಂಬುದು ಬಹಿರಂಗದ ಮಾತು. ಕೆಳದಂಡೆಯ ನಗರಗಳಿಗೆ, ನೀರಾವರಿಗೆ, ನದಿಯ ದಡದ ಅಣುವಿದ್ಯುತ್ ಸ್ಥಾವರಗಳ ತಂಪಿಗೆ ಬೇಸಿಗೆಯಲ್ಲಿಯೂ ನೀರು ಬೇಕೆಂಬ ಮಾತು ಅದರ ಹಿಂದೆ ಇದ್ದೇ ಇತ್ತು. ನೆರೆ ತಡೆಯಲು ಜಲಾಶಯ ಬರಿದಾಗಿರಬೇಕು, ಬೇಸಿಗೆಗೆ ನೀರು ಕೊಡಲು ಅದು ತುಂಬಿರಬೇಕು. ಒಂದೇ ಕೊಡವನ್ನು ಎರಡಕ್ಕೂ ಹೊಂದಿಸುವ ಜಾಣ್ಮೆಯನ್ನು ಯೋಜನಾ ತಜ್ಞರು ಎಲ್ಲ ದೇಶಗಳಲ್ಲಿಯೂ ಒಂದೇ ಧಾಟಿಯಲ್ಲಿ ವಿವರಿಸುತ್ತಾರೆ.

1989ರ ಫೆಬ್ರವರಿಯಲ್ಲಿ ಹೋರಾಟಗಾರರು ಅಣೆಕಟ್ಟಿನ ಜಾಗದಲ್ಲಿಯೇ ಬೀಡುಬಿಟ್ಟರು. ಚಳಿಗಾಲ, ಬೇಸಿಗೆಗಳನ್ನು ಅಲ್ಲಿಯೇ ಕಳೆಯುತ್ತ ಅವರು ಸುಮಾರು ಐದು ವರ್ಷ ಕದಲಲಿಲ್ಲ. ‘ಎಸ್‌ಒಎಸ್ ಲ್ವಾರ್ ವಿವಾಂತ್’, ಅಂದರೆ ಜೀವಂತ ಲ್ವಾರ್, ಎಂಬ ಸಂಘಟನೆ ಸ್ಥಳೀಯರನ್ನು ಒಗ್ಗೂಡಿಸಿತು. ಲ್ವಾರ್ ಉಳಿಸುವ ಒಕ್ಕೂಟವನ್ನು ಮುನ್ನಡೆಸಿದ ಕ್ರಿಸ್ತೀನ್ ಝಾಂ ಅವರಿಗೆ 1992ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು.

ಈ ಹೋರಾಟದ ಹೆಚ್ಚುಗಾರಿಕೆ ಬೀಡು ಬಿಟ್ಟದ್ದರಲ್ಲಷ್ಟೇ ಇಲ್ಲ. ಸತ್ತ ಎಂಟು ಜನರ ಪ್ರಶ್ನೆಯಿಂದ ಅವರು ತಲೆತಪ್ಪಿಸಿಕೊಳ್ಳಲಿಲ್ಲ. ‘ಕಣಿವೆ ಸುಂದರವಾಗಿದೆ, ಮುಳುಗಿಸಬೇಡಿ’ ಎಂದು ನೆರೆಯಲ್ಲಿ ಮನೆ ಕಳೆದುಕೊಂಡವರ ಮುಂದೆ ಹೇಳಿದರೆ ಅದು ಕ್ರೌರ್ಯವಾಗುತ್ತದೆ. ಅಣೆಕಟ್ಟಿಲ್ಲದೆ ಈ ಊರನ್ನು ಕಾಪಾಡುವುದು ಹೇಗೆಂದು ಅವರು ಲೆಕ್ಕಹಾಕಿ ತೋರಿಸಬೇಕಾಯಿತು. ತೋರಿಸಿದರು ಕೂಡ: ನದಿಯಿಂದ ಕಸಿದ ಜಾಗವನ್ನು ನದಿಗೇ ಮರಳಿಸುವುದು.

1994ರ ಜನವರಿಯಲ್ಲಿ, ಮಿಶೆಲ್ ಬಾರ್ನಿಯೆ ಪರಿಸರ ಸಚಿವರಾಗಿದ್ದಾಗ, ಫ್ರಾನ್ಸ್ ಸರಕಾರ ಲ್ವಾರ್ ನದಿಗೆ ಹೊಸ ಯೋಜನೆಯನ್ನು ಘೋಷಿಸಿತು. ಸೇರ್ ದ ಲಾ ಫಾರ್ ಅಣೆಕಟ್ಟು ರದ್ದಾಯಿತು. ಬ್ರೀವ್-ಶರಾನ್ಸಾಕಿನಲ್ಲಿ ದಡದ ಕಾರ್ಖಾನೆಗಳನ್ನು ಬೇರೆಡೆಗೆ ಸಾಗಿಸಲಾಯಿತು. ನದಿಪಾತ್ರವನ್ನು ಅಗಲಿಸಿ ಆಳಗೊಳಿಸಿದರು. ದಡಗಳು ಹುಲ್ಲುಹಾಸುಗಳಾದವು. ನೆರೆ ಮುನ್ಸೂಚನೆಯ ವ್ಯವಸ್ಥೆ ಸುಧಾರಿಸಿತು. ಅದೇ ಯೋಜನೆಯಡಿ 1998ರಲ್ಲಿ ಅಲಿಯೇ ಉಪನದಿಯ ಸೇಂತ್ ಎತಿಯೆನ್ ದ್ಯು ವಿಗಾಂ ಅಣೆಕಟ್ಟನ್ನು ಸಿಡಿಮದ್ದಿಟ್ಟು ಒಡೆದುಹಾಕಲಾಯಿತು. ಸಾಲ್ಮನ್ ಮೀನುಗಳು ಮೇಲಿನ ಹೊಳೆಗೆ ಮೊಟ್ಟೆಯಿಡಲು ಮರಳಿದವು. ಕಟ್ಟಿದ್ದನ್ನು ಕೆಡವಲೂ ಬರುತ್ತದೆಂಬುದು ಅನೇಕ ಎಂಜಿನಿಯರುಗಳಿಗೆ ಅಂದೇ ತಿಳಿದಿರಬೇಕು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಗೆಲುವಿನ ಹಾಡಾಗುತ್ತಿತ್ತು. ನದಿ ಹಾಗೆ ಬಿಡಲಿಲ್ಲ. 2024ರ ಅಕ್ಟೋಬರ್ 17ರಂದು ಅದೇ ಬೆಟ್ಟಗಳ ಮೇಲೆ ಅದೇ ಬಗೆಯ ಮಳೆ ಸುರಿದು, ಓತ್-ಲ್ವಾರ್ ಜಿಲ್ಲೆಯಲ್ಲಿ ಅತ್ಯುನ್ನತ ಅಪಾಯದ ಕೆಂಪು ಎಚ್ಚರಿಕೆ ಹೊರಟಿತು. ಲ್ವಾರ್ ಬ್ರೀವ್-ಶರಾನ್ಸಾಕಿನ ದಡ ಮೀರಿ ಹರಿಯಿತು. ಅಂಗಡಿಗಳಿಗೆ ನೀರು ನುಗ್ಗಿತು, ಕಾರುಗಳು ಮುಳುಗಿದವು, ನದಿಯಂಚಿನ ಜನರನ್ನು ತೆರವುಗೊಳಿಸಬೇಕಾಯಿತು. ಆದರೆ ಊರಿನಲ್ಲಿ ಯಾರೂ ಸಾಯಲಿಲ್ಲ.

ಅಗಲವಾದ ಪಾತ್ರ, ಮೊದಲೇ ತಲುಪಿದ ಎಚ್ಚರಿಕೆ, ಹಳೆಯ ನೆನಪು — ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಎಂಜಿನಿಯರುಗಳು ಅಳೆಯಲಿ. ನದಿಗೆ ಜಾಗ ಬಿಟ್ಟರೆ ನೆರೆಯೇ ಬಾರದೆಂದು ಯಾರೂ ಮಾತು ಕೊಟ್ಟಿರಲಿಲ್ಲ, ಕೊಡಲೂಬಾರದು. ಬಿಸಿಯೇರುತ್ತಿರುವ ಮೆಡಿಟರೇನಿಯನ್ನಿನ ಮೇಲಿಂದ ಬರುವ ಗಾಳಿ ಹೆಚ್ಚು ತೇವವನ್ನು ಹೊತ್ತು ತರಬಲ್ಲದು. 1980ರ ಅಳತೆಯೇ ಕೊನೆಯ ಅಳತೆಯೆಂದು ಭಾವಿಸಲು ಆಧಾರವಿಲ್ಲ. ನೀರು ನುಗ್ಗಿದ ಅಂಗಡಿಗಳಿಗೆ ಅದೇ ತಗ್ಗಿನಲ್ಲಿ ಮತ್ತೆ ಬಣ್ಣ ಬಳಿಯಬೇಕೋ, ಅಥವಾ ತೊಂಬತ್ತರ ದಶಕದಲ್ಲಿ ಕಾರ್ಖಾನೆಗಳು ಹೋದ ದಾರಿಯಲ್ಲಿ ಅವೂ ಮೇಲಕ್ಕೆ ಹೋಗಬೇಕೋ ಎಂಬ ಪ್ರಶ್ನೆ ಆ ಊರಿನ ಮುಂದಿದೆ.